ಆಟಿ ಹದಿನೆಂಟರ ರಾತ್ರಿ, ಎಂಟುನೂರು ಮೀಟರ್

ಆಗಸ್ಟ್ 3ರ ಬೆಳಿಗ್ಗೆ ನಮ್ಮ ಅಡುಗೆಮನೆಯಲ್ಲಿ ಮದ್ದುಸೊಪ್ಪು ಕುದಿಯುತ್ತಿರುತ್ತದೆ. ಕಾಫಿ ತೋಟದ ಬೇಲಿ ಬದಿಯಲ್ಲಿ ವರ್ಷವಿಡೀ ಸುಮ್ನೆ ನಿಂತಿರುವ ಗಿಡ ಅದು. ಉಳಿದ ದಿನ ಯಾರೂ ಅದರ ಕಡೆ ತಿರುಗಿ ನೋಡುವುದಿಲ್ಲ. ಆಟಿ ತಿಂಗಳ ಹದಿನೆಂಟನೇ ದಿನ ಅದಕ್ಕೆ ಹದಿನೆಂಟು ಬಗೆಯ ಮದ್ದಿನ ಗುಣ ಬರುತ್ತದೆ ಅನ್ನುವುದು ಹಿರಿಯರ ಮಾತು. ಕೊಡವರು ಇದನ್ನು ಕಕ್ಕಡ ಪದಿನೆಟ್ಟ್ ಅನ್ನುತ್ತಾರೆ. ನಾವು ಗೌಡರ ಮನೆಯವರು ಆಟಿ ಹದಿನೆಂಟು ಅನ್ನುತ್ತೇವೆ. ಸೊಪ್ಪನ್ನು ಕಾಂಡದ ಸಮೇತ ಕುದಿಸಿದರೆ ನೀರು ನೋಡನೋಡುತ್ತಲೇ ಕಡು ನೇರಳೆಯಾಗುತ್ತದೆ. ಆ ನೀರಲ್ಲಿ ಅಕ್ಕಿ ಬೇಯಿಸಿ, ಬೆಲ್ಲ, ಕಾಯಿಹಾಲು ಹಾಕಿ ಪಾಯಸ ಮಾಡುತ್ತೇವೆ. ಅದರ ವಾಸನೆ ಅಂಗಳದವರೆಗೂ ಬರುತ್ತದೆ. ಹೊರಗೆ ಮಳೆ ಹೊಯ್ಯುತ್ತಲೇ ಇರುತ್ತದೆ.

ಈ ಹಬ್ಬದ ರಾತ್ರಿಯೇ ನಾನು ಎರಡು ಸಲ, ಒಂದೇ ಸ್ಪರ್ಧೆಯಲ್ಲಿ, ಒಬ್ಬಳೇ ಈಜುಗಾರ್ತಿ ಚಿನ್ನ ಗೆಲ್ಲುವುದನ್ನು ನೋಡಿದ್ದೇನೆ. ಮೊದಲನೆಯದು 2012ರಲ್ಲಿ ಲಂಡನ್. ಎರಡನೆಯದು 2024ರಲ್ಲಿ ಪ್ಯಾರಿಸ್. ನಡುವೆ ಸರಿಯಾಗಿ ಹನ್ನೆರಡು ವರ್ಷ. ಸ್ಪರ್ಧೆ 800 ಮೀಟರ್ ಫ್ರೀಸ್ಟೈಲ್. ಅವಳ ಹೆಸರು ಕೇಟಿ ಲೆಡೆಕಿ, ಅಮೆರಿಕದವಳು.

ಅವಳು ಅಂತಲೇ ಬರೆಯುತ್ತೇನೆ. ನನಗಿಂತ ಎರಡು ವರ್ಷ ಚಿಕ್ಕವಳು. ಇಷ್ಟು ವರ್ಷ ನೋಡಿ ನೋಡಿ ಮನೆಯ ಹುಡುಗಿಯ ಹಾಗೆ ಆಗಿಬಿಟ್ಟಿದ್ದಾಳೆ.

2012ರಲ್ಲಿ ನಾನು ಎರಡನೇ ಪಿಯುಸಿ. ಅಂದು ಸಂಜೆ ವಿಜಯ್ ಕುಮಾರ್ ಶೂಟಿಂಗ್‌ನಲ್ಲಿ ಬೆಳ್ಳಿ ಗೆದ್ದಿದ್ದರು. ಆ ಖುಷಿಯಲ್ಲಿ ಮನೆಯವರೆಲ್ಲ ಟಿ.ವಿ. ಮುಂದೆ ಕೂತಿದ್ದರು. ಒಬ್ಬೊಬ್ಬರಾಗಿ ಎದ್ದು ಮಲಗಿದರು. ನಾನು ಮಾತ್ರ ಉಳಿದೆ. ಮಳೆ ಜೋರಾದಾಗಲೆಲ್ಲ ಡಿಶ್ ಸಿಗ್ನಲ್ ಹೋಗಿ ಚಿತ್ರ ಚೌಕ ಚೌಕವಾಗಿ ಒಡೆಯುತ್ತಿತ್ತು. ಕರೆಂಟ್ ಮಧ್ಯಾಹ್ನವೇ ಹೋಗಿತ್ತು, ಇನ್ವರ್ಟರ್ ಯಾವಾಗ ಕೈಕೊಡುತ್ತದೋ ಗೊತ್ತಿರಲಿಲ್ಲ. ಮಧ್ಯರಾತ್ರಿ ದಾಟಿದ ಮೇಲೆ ಹೆಂಗಸರ 800 ಮೀಟರ್ ಫೈನಲ್ ಶುರುವಾಯಿತು.

ಲಂಡನ್ನಿನ ಜನ ಕೂಗುತ್ತಿದ್ದದ್ದು ರೆಬೆಕಾ ಆಡ್ಲಿಂಗ್ಟನ್‌ಗಾಗಿ. ಅವರ ದೇಶದ ಹುಡುಗಿ, ಬೀಜಿಂಗ್‌ನಲ್ಲಿ ಚಿನ್ನ ಗೆದ್ದವಳು, ವಿಶ್ವದಾಖಲೆಯೂ ಅವಳದ್ದೇ. ಅಮೆರಿಕದ ತಂಡದಲ್ಲೇ ಎಲ್ಲರಿಗಿಂತ ಚಿಕ್ಕವಳಾದ 15 ವರ್ಷದ ಹುಡುಗಿಯೊಬ್ಬಳು ಮೊದಲಿಂದಲೇ ಮುಂದೆ ಹೊರಟಳು. ಇಷ್ಟು ಬೇಗ ಹೊರಟರೆ ಕೊನೆಗೆ ಉಸಿರು ಉಳಿಯುತ್ತದಾ ಅಂತ ನನಗೇ ಗಾಬರಿ. ಅವಳು ನಿಧಾನ ಆಗಲೇ ಇಲ್ಲ. ನಡುವೆ ಚಿತ್ರ ಹೋಯಿತು. ಮತ್ತೆ ಬಂದಾಗ ಅವಳು ಇನ್ನೂ ಮುಂದೆ ಇದ್ದಳು. 8 ನಿಮಿಷ 14.63 ಸೆಕೆಂಡ್. ಎರಡನೆಯವಳಿಗಿಂತ ನಾಲ್ಕು ಸೆಕೆಂಡಿಗೂ ಜಾಸ್ತಿ ಮುಂದೆ. ಆಡ್ಲಿಂಗ್ಟನ್ ಮೂರನೆಯವಳು. ವಿಶ್ವದಾಖಲೆ ತಪ್ಪಿದ್ದು ಅರ್ಧ ಸೆಕೆಂಡಿನಲ್ಲಿ. ಕೇಟಿ ಕನ್ನಡಕ ತೆಗೆದು ಬೋರ್ಡ್ ನೋಡಿದಳು. ಆ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ನನಗೆ ಅಷ್ಟು ತಾಗಿದ್ದಕ್ಕೆ ಕಾರಣ ಇದೆ. ನಾನು ಈಜು ಕಲಿತದ್ದು ನಮ್ಮ ತೋಟದ ಕೆರೆಯಲ್ಲಿ. ಕೊಡಗಿನಲ್ಲಿ ತೋಟ ಇದ್ದವರಿಗೆ ಇಂಥ ಕೆರೆ ಗೊತ್ತಿರುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂ ಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕಲು ಮಾಡಿಟ್ಟ ನೀರು. ಅಪ್ಪ ಬಾಳೆದಿಂಡು ಎರಡು ತುಂಡು ಕಡಿದು ಹಗ್ಗದಲ್ಲಿ ಕಟ್ಟಿ ಕೊಡುತ್ತಿದ್ದರು. ಅದರ ಮೇಲೆ ಎದೆ ಊರಿ ಕಾಲು ಬಡಿಯಬೇಕು. ದಿಂಡಿನ ಹಾಲು ಅಂಗಿಗೆ ತಾಗಿದರೆ ಕಪ್ಪು ಕಲೆ, ಅದಕ್ಕೆ ಅಮ್ಮನ ಬೈಗುಳ. ಮೇಲಿನ ನೀರು ಬೆಚ್ಚಗೆ, ಮೊಣಕಾಲಿನ ಕೆಳಗೆ ತಣ್ಣಗೆ. ಮೂರನೇ ವಾರಕ್ಕೆ ಅಪ್ಪ ಹೇಳದೆ ಕೇಳದೆ ದಿಂಡನ್ನು ಪಕ್ಕಕ್ಕೆ ಎಳೆದರು. ನಾನು ಮುಳುಗಲಿಲ್ಲ. ಅಂದಿನಿಂದ ದಡದಿಂದ ದಡಕ್ಕೆ ಎಷ್ಟು ಸಲ ಹೋಗಿ ಬರಬಹುದು ಅನ್ನುವುದೇ ನನ್ನ ಆಟ. ಬೇಗ ಹೋಗುವ ಆಸೆ ನನಗೆ ಯಾವತ್ತೂ ಇರಲಿಲ್ಲ. ಜಾಸ್ತಿ ಹೊತ್ತು ಹೋಗಬೇಕು, ಅಷ್ಟೇ.

ಹದಿಮೂರಕ್ಕೆ ಅದು ನಿಂತಿತು. ದೊಡ್ಡವಳಾದೆ, ಇನ್ನು ಕೆರೆಗೆ ಇಳಿಯಬೇಡ ಅಂದರು. ಯಾರೂ ಗದರಲಿಲ್ಲ, ಮೆಲ್ಲಗೇ ಹೇಳಿದರು. ಅದಕ್ಕೇ ಎದುರು ಮಾತಾಡಲು ಆಗಲಿಲ್ಲ. ಮುಂದೆ ಕಾಲೇಜಿನಲ್ಲಿ ಈಜು ಸ್ಪರ್ಧೆಗೆ ಹೆಸರು ಕೊಡುತ್ತೇನೆ ಅಂದಾಗ ಆಟದ ಮೇಷ್ಟ್ರು, ಕೊಡಗಿನಲ್ಲಿ ಹುಟ್ಟಿ ಹಾಕಿ ಸ್ಟಿಕ್ ಹಿಡಿಯುವುದು ಬಿಟ್ಟು ನೀರಿಗೆ ಯಾಕೆ ಬೀಳುತ್ತೀಯಾ ಅಂದರು. ಅವರಿಗೆ ಅದು ಬರೀ ಒಂದು ಮಾತು. ನನಗೆ ತುಂಬಾ ದಿನ ನೋವಿತ್ತು.

ಹಾಕಿ ಮೇಲೆ ನನಗೆ ಸಿಟ್ಟಿಲ್ಲ. ನಮ್ಮಲ್ಲಿ ಜನಪ್ರಿಯತೆ ಅಂದರೆ ಏನು ಅಂತ ಗೊತ್ತಾಗುವುದೇ ಹಾಕಿ ಮೈದಾನದಲ್ಲಿ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಕೊಡವ ಕುಟುಂಬಗಳ ನಡುವೆ ಹಾಕಿ ಶುರು ಮಾಡಿದಾಗ ಬಂದದ್ದು 60 ಕುಟುಂಬ. 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬ. ಅಜ್ಜ, ಮೊಮ್ಮಗ, ಮದುವೆಯಾಗಿ ಹೋದ ಮಗಳು ಎಲ್ಲರೂ ಒಂದೇ ತಂಡ. ಗೋಲು ಹೊಡೆದರೆ ಕೂಗುವುದು ಆಟಗಾರನ ಹೆಸರನ್ನಲ್ಲ, ಮನೆತನದ ಹೆಸರನ್ನು. ಕೇಟಿ ಹುಟ್ಟಿದ್ದೂ ಅದೇ 1997ರಲ್ಲಿ, ಮಾರ್ಚ್ 17ಕ್ಕೆ, ವಾಷಿಂಗ್ಟನ್‌ನಲ್ಲಿ. ಈ ಹಾಕಿ ಹಬ್ಬ ಮತ್ತು ಅವಳು ಒಂದೇ ವಯಸ್ಸಿನವರು ಅಂತ ನಾನು ಆಗಾಗ ನೆನೆಸಿಕೊಳ್ಳುತ್ತೇನೆ. ಆದರೆ ಅವಳ ಆಟದಲ್ಲಿ ಪಕ್ಕದಲ್ಲಿ ಯಾರೂ ಇರುವುದಿಲ್ಲ. ಕಿವಿ ನೀರೊಳಗೆ. ಜನ ಕೂಗಿದರೂ ಅವಳಿಗೆ ಸರಿಯಾಗಿ ಕೇಳುವುದಿಲ್ಲ.

ದೂರದ ಈಜು ನೋಡಲು ಬೋರು ಅನ್ನುವವರು ಜಾಸ್ತಿ. ನೋಡುವ ರೀತಿ ಗೊತ್ತಾದರೆ ಹಾಗನ್ನಿಸುವುದಿಲ್ಲ. 50 ಮೀಟರ್ ಕೊಳದಲ್ಲಿ 800 ಮೀಟರ್ ಅಂದರೆ ಒಂದು ತುದಿಯಿಂದ ಇನ್ನೊಂದಕ್ಕೆ 16 ಸಲ. 1500 ಅಂದರೆ 30 ಸಲ. ಕೇಟಿ 50 ಮೀಟರಿಗೆ ಹೆಚ್ಚುಕಡಿಮೆ 30, 31 ಸೆಕೆಂಡ್ ತೆಗೆದುಕೊಳ್ಳುತ್ತಾಳೆ. ಮೂರನೇ ಸಲ ಎಷ್ಟೋ, ಹನ್ನೆರಡನೇ ಸಲವೂ ಸುಮಾರು ಅಷ್ಟೇ. ಕಾಲು ನೋಡಿ. ಕಾಲಿನ ಸ್ನಾಯು ದೊಡ್ಡದು, ಆಮ್ಲಜನಕ ಜಾಸ್ತಿ ತಿನ್ನುತ್ತದೆ. ಅದಕ್ಕೆ ದೂರದ ಈಜುಗಾರರು ಕಾಲನ್ನು ಕಡಿಮೆ ಬಡಿದು ಕೊನೆಗೆ ಉಳಿಸಿಟ್ಟುಕೊಳ್ಳುತ್ತಾರೆ. ಅವಳ ಕೈ ಎರಡೂ ಒಂದೇ ತಾಳದಲ್ಲಿ ಬೀಳುವುದಿಲ್ಲ. ಒಂದು ಉದ್ದ, ಒಂದು ಗಿಡ್ಡ, ಕುದುರೆ ನಾಗಾಲೋಟದ ಹಾಗೆ. ಗಂಡಸರ ಈಜಿನಲ್ಲಿ ಕಾಣುವ ಈ ಓಟವನ್ನು ಅವಳು ಚಿಕ್ಕವಳಿದ್ದಾಗಲೇ ಕೋಚ್ ಯೂರಿ ಸುಗಿಯಾಮ ಹತ್ತಿರ ಕಲಿತಳು. ಕೊನೆಯ ಎರಡು ಸುತ್ತು, ಅಂದರೆ 100 ಮೀಟರ್, ಉಳಿದಾಗ ಮುಂದಿದ್ದವರ ಲೇನ್‌ನಲ್ಲಿ ಗಂಟೆ ಬಾರಿಸುತ್ತಾರೆ. ಆ ಗಂಟೆ ಕೇಳಿದರೆ ನನ್ನ ಎದೆ ಈಗಲೂ ಬಡಿದುಕೊಳ್ಳುತ್ತದೆ.

ನಮ್ಮ ತೋಟಕ್ಕೆ ಕಾಫಿ ಕೊಯ್ಯಲು ಒಬ್ಬ ಅಜ್ಜಿ ಬರುತ್ತಿದ್ದರು. ಬೆಳಿಗ್ಗೆ ಎಂಟಕ್ಕೆ ಅವರ ಕೈ ಹೇಗೆ ಓಡುತ್ತಿತ್ತೋ ಸಂಜೆ ನಾಲ್ಕಕ್ಕೂ ಹಾಗೇ. ಕೊಂಬೆ ಬಗ್ಗಿಸಿ, ಹಣ್ಣು ಬಿಡಿಸಿ, ಕೊಂಬೆ ಬಿಟ್ಟು, ಮುಂದಿನ ಗಿಡ. ಹುಡುಗಿಯರು ಬೆಳಿಗ್ಗೆ ಜೋರಾಗಿ ಕೊಯ್ದು ಮಧ್ಯಾಹ್ನಕ್ಕೆ ಸೋಲುತ್ತಿದ್ದರು. ಸಂಜೆ ತೂಕಕ್ಕೆ ಇಟ್ಟಾಗ ಅಜ್ಜಿಯ ಚೀಲವೇ ಭಾರ. ಕೇಟಿಯ ಲ್ಯಾಪ್ ಟೈಮುಗಳನ್ನು ನೋಡುವಾಗ ನನಗೆ ಆ ಅಜ್ಜಿಯ ಕೈ ನೆನಪಾಗುತ್ತದೆ.

ಲಂಡನ್ ಆದ ಮೇಲೆ ಅವಳು ಏರಿದ್ದು ಎಲ್ಲರಿಗೂ ಗೊತ್ತಿರುವ ಕಥೆ. 2013ರಲ್ಲಿ ಬಾರ್ಸಿಲೋನದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ನಾಲ್ಕು ಚಿನ್ನ, 800 ಮತ್ತು 1500ರಲ್ಲಿ ವಿಶ್ವದಾಖಲೆ. 2015ರಲ್ಲಿ ಕಜಾನ್‌ನಲ್ಲಿ 200, 400, 800, 1500 ನಾಲ್ಕೂ ಗೆದ್ದಳು, ರಿಲೇ ಬೇರೆ. 2016ರಲ್ಲಿ ರಿಯೊದಲ್ಲಿ ನಾಲ್ಕು ಚಿನ್ನ, ಒಂದು ಬೆಳ್ಳಿ. ರಿಯೊದ 800 ಮೀಟರ್ ಫೈನಲ್ ನಮಗೆ ಬೆಳಗಿನ ಹೊತ್ತು ಬಂತು. ಅವಳು ಗೋಡೆ ಮುಟ್ಟಿದಾಗ 8 ನಿಮಿಷ 4.79 ಸೆಕೆಂಡ್. ಎರಡನೆಯವಳು ಮುಟ್ಟಲು ಇನ್ನೂ 11 ಸೆಕೆಂಡಿಗೂ ಜಾಸ್ತಿ ಬೇಕಾಯಿತು. ಟಿ.ವಿ. ಪರದೆಯಲ್ಲಿ ಅವಳೊಬ್ಬಳೇ, ಸುತ್ತ ಬರೀ ನೀಲಿ ನೀರು. ಅವಳ ಜೊತೆ ಈಜುತ್ತಿದ್ದದ್ದು ಪರದೆ ಮೇಲೆ ಗೆರೆ ಎಳೆದು ತೋರಿಸುವ ವಿಶ್ವದಾಖಲೆ ಮಾತ್ರ.

ಆ ಹೊತ್ತಿಗೆ ಅವಳು ಜಗತ್ತಿಗೆಲ್ಲ ಗೊತ್ತು. ಆದರೆ ನನ್ನ ಅನಿಸಿಕೆ ಹೇಳುತ್ತೇನೆ. ಆಗ ಜನರಿಗೆ ಅವಳ ಮೇಲೆ ಇದ್ದದ್ದು ಬೆರಗು. ಪ್ರೀತಿ ಬಂದದ್ದು ಅವಳು ಸೋತ ಮೇಲೆ.

ಅದಕ್ಕೂ ಮೊದಲು 1500 ಮೀಟರಿನ ವಿಷಯ ಹೇಳಬೇಕು. ಗಂಡಸರಿಗೆ ಒಲಿಂಪಿಕ್ಸ್‌ನಲ್ಲಿ 1500 ಮೀಟರ್ ಈಜು 1908ರಿಂದ ಇದೆ. ಹೆಂಗಸರಿಗೆ ಬಂದದ್ದು ಟೋಕಿಯೊದಲ್ಲಿ, 2021ರಲ್ಲಿ. ನೂರಕ್ಕೂ ಜಾಸ್ತಿ ವರ್ಷ ಹೆಂಗಸರಿಗೆ 1500 ಇರಲೇ ಇಲ್ಲ, 800 ಕೂಡ 1968ರಿಂದ ಮಾತ್ರ. ಓಟದಲ್ಲೂ ಇದೇ ಕಥೆ. 1928ರಲ್ಲಿ ಹೆಂಗಸರು 800 ಮೀಟರ್ ಓಡಿದ ಮೇಲೆ ಅದನ್ನು ತೆಗೆದುಹಾಕಿ 1960ರವರೆಗೆ ಮತ್ತೆ ಇಡಲೇ ಇಲ್ಲ. ಹೆಂಗಸಿನ ಮೈ ತಾಳುವುದಿಲ್ಲ ಅನ್ನುವ ಮಾತು. ಕಾಫಿ ಚೀಲ ಹೊತ್ತು ಗುಡ್ಡ ಹತ್ತುವ ಹೆಂಗಸರ ನಡುವೆ ಬೆಳೆದ ನನಗೆ ಈ ಮಾತು ಯಾವತ್ತೂ ಅರ್ಥವಾಗಿಲ್ಲ. ಕೇಟಿ 2013ರಿಂದ 1500ರ ವಿಶ್ವದಾಖಲೆ ಇಟ್ಟುಕೊಂಡಿದ್ದಳು. 2018ರಲ್ಲಿ ಅದನ್ನು 15 ನಿಮಿಷ 20.48 ಸೆಕೆಂಡಿಗೆ ಇಳಿಸಿದಳು. ರಿಯೊದಲ್ಲಿ ಅವಳು ತೀರಾ ಚೆನ್ನಾಗಿ ಈಜುತ್ತಿದ್ದ ಹೊತ್ತಲ್ಲಿ ಆ ಸ್ಪರ್ಧೆಯೇ ಇರಲಿಲ್ಲ.

2021ರ ಜುಲೈ 28. ಟೋಕಿಯೊದ ಫೈನಲ್‌ಗಳು ನಮಗೆ ತಿಂಡಿ ಹೊತ್ತಿಗೆ ಸರಿಯಾಗಿ ಬರುತ್ತಿದ್ದವು. ಎರಡು ದಿನ ಮೊದಲು 400 ಮೀಟರ್‌ನಲ್ಲಿ ಆಸ್ಟ್ರೇಲಿಯಾದ ಅರಿಯಾರ್ನ್ ಟಿಟ್ಮಸ್ ಅವಳನ್ನು ಹಿಂದೆ ಹಾಕಿದ್ದಳು. ಅಂದು 200 ಮೀಟರ್‌ನಲ್ಲೂ ಟಿಟ್ಮಸ್‌ಗೇ ಚಿನ್ನ. ಕೇಟಿ ಐದನೆಯವಳು. ಒಲಿಂಪಿಕ್ಸ್ ಫೈನಲ್‌ನಲ್ಲಿ ಅವಳು ಪದಕ ಇಲ್ಲದೆ ನೀರಿಂದ ಎದ್ದದ್ದು ಅದೇ ಮೊದಲು. ಒಂದು ಗಂಟೆ ಚಿಲ್ಲರೆ ಆದ ಮೇಲೆ 1500ರ ಫೈನಲ್. ನಾನು ಒಲೆ ಮುಂದೆ ಅಕ್ಕಿರೊಟ್ಟಿ ತಟ್ಟುತ್ತಾ ಫೋನನ್ನು ಉಪ್ಪಿನ ಡಬ್ಬಕ್ಕೆ ಒರಗಿಸಿಟ್ಟಿದ್ದೆ. ಹದಿನೈದು ನಿಮಿಷದಲ್ಲಿ ಎಷ್ಟು ರೊಟ್ಟಿ ಸೀದವೋ ಲೆಕ್ಕ ಇಡಲಿಲ್ಲ. ಅವಳು ಗೆದ್ದಳು. ಯಾವಾಗಲೂ ಶಾಂತವಾಗಿರುವ ಹುಡುಗಿ ಅಂದು ನೀರಲ್ಲೇ ಜೋರಾಗಿ ಕೂಗಿದಳು. ಆಮೇಲೆ ಕಣ್ಣೀರು. ಈಜುವಾಗ ನನ್ನ ಅಜ್ಜ ಅಜ್ಜಿಯರನ್ನು ನೆನೆಸಿಕೊಳ್ಳುತ್ತಿದ್ದೆ ಅಂತ ಹೇಳಿದಳು.

ನಮ್ಮ ಮನೆಯಲ್ಲಿ ವರ್ಷಕ್ಕೊಮ್ಮೆ ಹಿರಿಯರಿಗೆ ಎಡೆ ಇಡುತ್ತೇವೆ. ಹೋದವರ ಹೆಸರು ಒಂದೊಂದಾಗಿ ಹೇಳಿ ಕೈ ಮುಗಿಯುತ್ತೇವೆ. ಸೋಲಿನ ನಂತರ ಮೂವತ್ತು ಸುತ್ತು ಈಜಬೇಕಾದ ಹುಡುಗಿ ಹಿಡಿದುಕೊಂಡದ್ದೂ ಅದೇ ಹೆಸರುಗಳನ್ನು. ನಾನು ಒಲೆ ಆರಿಸಿ ಅಲ್ಲೇ ಕೂತುಬಿಟ್ಟೆ.

ಅವಳ ಹೆಸರು ನಮ್ಮೂರಿಗೆ ಬಂದ ದಾರಿ ಬೇರೆ. 2020ರಲ್ಲಿ ಅವಳು ತಲೆಯ ಮೇಲೆ ಚಾಕೊಲೇಟ್ ಹಾಲಿನ ಲೋಟ ಇಟ್ಟುಕೊಂಡು ಒಂದು ಹನಿ ಚೆಲ್ಲದೆ ಕೊಳದ ಈ ತುದಿಯಿಂದ ಆ ತುದಿಗೆ ಈಜಿದ ವಿಡಿಯೋ ಇತ್ತಲ್ಲ, ಅದು ನಮ್ಮ ಊರಿನ ವಾಟ್ಸಾಪ್ ಗ್ರೂಪಿಗೂ ಬಂತು. ಒಲಿಂಪಿಕ್ಸ್ ಯಾವತ್ತೂ ನೋಡದ ನನ್ನ ಅತ್ತೆಯೂ ಅದನ್ನು ಮೂರು ಸಲ ನೋಡಿದರು. ಆ ಹುಡುಗಿಯ ಹೆಸರೇನು ಅಂತ ಕೇಳಿದ್ದು ಅವರೊಬ್ಬರೇ. ಹೇಳಿದೆ. ಅತ್ತೆಗೆ ಈಗಲೂ ಅವಳು ಹಾಲಿನ ಲೋಟದ ಹುಡುಗಿ. ಅದರಲ್ಲಿ ನನಗೆ ಬೇಸರ ಇಲ್ಲ. ತಲೆ ಅಲುಗಾಡದೆ ಇರುವುದೇ ಅವಳ ಈಜಿನ ಜೀವಾಳ. ಅತ್ತೆ ಸರಿಯಾದದ್ದನ್ನೇ ನೋಡಿದ್ದಾರೆ.

ಟೋಕಿಯೊ ನಂತರ ಅವಳು ಫ್ಲೋರಿಡಾಕ್ಕೆ ಹೋಗಿ ಆಂಥನಿ ನೆಸ್ಟಿ ಹತ್ತಿರ ತರಬೇತಿ ಶುರು ಮಾಡಿದಳು. ಇವರ ಕಥೆ ನನಗೆ ತುಂಬಾ ಇಷ್ಟ. ಸುರಿನಾಮ್ ಅನ್ನುವ ಪುಟ್ಟ ದೇಶದವರು. ಇಡೀ ದೇಶಕ್ಕೆ 50 ಮೀಟರಿನ ಒಂದೇ ಕೊಳ ಇದ್ದ ಕಾಲದಲ್ಲಿ, 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಬಟರ್‌ಫ್ಲೈ ಗೆದ್ದರು. ಗೆದ್ದದ್ದು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ. ಒಂದು ಕೊಳ ಸಾಕಾಯಿತು, ಅಲ್ವಾ?

ಕೊಡಗಿನವರಿಗೆ ಆಟದಲ್ಲಿ ಹೆಸರು ಮಾಡಿದವರು ಹೊಸಬರಲ್ಲ. ಅಶ್ವಿನಿ ನಾಚಪ್ಪ ಪಿ.ಟಿ. ಉಷಾ ಅವರನ್ನೇ ಓಟದಲ್ಲಿ ಸೋಲಿಸಿದ್ದು ನಮ್ಮ ಅಮ್ಮಂದಿರ ಬಾಯಲ್ಲಿ ಇನ್ನೂ ಇದೆ. ರೋಹನ್ ಬೋಪಣ್ಣ 2024ರ ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ಅವರಿಗೆ 43 ವರ್ಷ. ಗಂಡಸರ ಡಬಲ್ಸ್‌ನಲ್ಲಿ ಅದು ಅವರ ಮೊದಲ ಗ್ರ್ಯಾಂಡ್‌ಸ್ಲಾಮ್. ಅಂದು ನಮ್ಮ ಪೇಟೆಯಲ್ಲಿ ಅಂಗಡಿ ಅಂಗಡಿಯಲ್ಲೂ ಅದೇ ಮಾತು. ಇಪ್ಪತ್ತು ವರ್ಷ ಬಿಡದೆ ಆಡಿದ್ದಾರೆ ನೋಡಿ ಅಂತ ಒಬ್ಬರು ಹೇಳಿದರು. ಕಪ್ ಗೆದ್ದದ್ದಕ್ಕಿಂತ ಆ ಇಪ್ಪತ್ತು ವರ್ಷ ಅವರಿಗೆ ದೊಡ್ಡದಾಗಿ ಕಂಡಿತ್ತು.

ಅದೇ ವರ್ಷ ಫೆಬ್ರವರಿಯಲ್ಲಿ ಫ್ಲೋರಿಡಾದ ಒಂದು ಸ್ಪರ್ಧೆಯಲ್ಲಿ ಕೆನಡಾದ 17 ವರ್ಷದ ಸಮ್ಮರ್ ಮ್ಯಾಕಿಂಟೋಷ್ 800 ಮೀಟರ್‌ನಲ್ಲಿ ಕೇಟಿಯನ್ನು ಸೋಲಿಸಿದಳು. 800ರ ಫೈನಲ್‌ನಲ್ಲಿ ಹತ್ತಕ್ಕೂ ಜಾಸ್ತಿ ವರ್ಷ ಸೋಲೇ ಕಂಡಿರಲಿಲ್ಲ ಅವಳು. ಹಾಗಾಗಿ ಪ್ಯಾರಿಸ್ ಹತ್ತಿರ ಬಂದಾಗ ನನಗೆ ಮೊದಲ ಸಲ ಭಯ ಇತ್ತು.

ಆ ವಾರವೇ ಭಯದ ವಾರ. ಜುಲೈ 30ರ ನಸುಕಿನಲ್ಲಿ ಪಕ್ಕದ ವಯನಾಡಿನಲ್ಲಿ ಗುಡ್ಡ ಕುಸಿಯಿತು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲೇ ಗುಡ್ಡ ಕುಸಿದದ್ದನ್ನು ನೋಡಿದ ನಮಗೆ ಅದು ದೂರದ ಸುದ್ದಿ ಆಗಲು ಸಾಧ್ಯವೇ ಇಲ್ಲ. ರಾತ್ರಿ ಮಳೆಯ ಸದ್ದು ಬದಲಾದರೆ ಎಚ್ಚರ ಆಗುತ್ತದೆ. ನಾವು ಕಾವೇರಿಯನ್ನು ತಾಯಿ ಅನ್ನುವವರು, ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋಗಿ ತೀರ್ಥ ತರುವವರು. ಆಟಿಯಲ್ಲಿ ಮಾತ್ರ ಅದೇ ತಾಯಿಯ ದಡಕ್ಕೆ ಮಕ್ಕಳನ್ನು ಬಿಡುವುದಿಲ್ಲ. ನೀರು ಅಂದರೆ ನಮಗೆ ಕೈ ಮುಗಿಯುವುದು, ಇಲ್ಲವೇ ಹೆದರುವುದು. ಈಜುವ ಜಾಗ ಅಂತ ನೋಡಲು ನಮಗೆ ಸುಲಭ ಇಲ್ಲ. ಆ ರಾತ್ರಿ ಆಟಿ ಹದಿನೆಂಟರ ಪಾಯಸ ಮಾಡಿದ್ದರೂ ಯಾರಿಗೂ ಹಬ್ಬದ ಮನಸ್ಸಿರಲಿಲ್ಲ. ಮಗಳನ್ನು ಮಲಗಿಸಿ ಜಗಲಿಯ ಮೂಲೆಗೆ ಬಂದೆ. ನಮ್ಮ ಮನೆಯಲ್ಲಿ ನೆಟ್‌ವರ್ಕ್ ನಿಲ್ಲುವುದು ಅಲ್ಲಿ ಮಾತ್ರ. ಕಂಬಳಿ ಹೊದ್ದು ಕೂತೆ. ಹನ್ನೆರಡೂವರೆ ದಾಟಿತ್ತು.

ಈ ಸಲ ಪರದೆಯಲ್ಲಿ ಅವಳು ಒಬ್ಬಳೇ ಇರಲಿಲ್ಲ. ಟಿಟ್ಮಸ್ ಪಕ್ಕದಲ್ಲೇ ಇದ್ದಳು, ಬೆನ್ನು ಬಿಡಲೇ ಇಲ್ಲ. ಹತ್ತು ಸುತ್ತಾಯಿತು, ಹನ್ನೆರಡಾಯಿತು, ಅಂತರ ಸ್ವಲ್ಪ ಮಾತ್ರ. ಗಂಟೆ ಬಾರಿಸಿದರು. ಕೇಟಿ ಕಾಲು ಬಡಿಯಲು ಶುರು ಮಾಡಿದಳು. 8 ನಿಮಿಷ 11.04 ಸೆಕೆಂಡ್. ಟಿಟ್ಮಸ್ 8 ನಿಮಿಷ 12.29. ಕೇಟಿಗೆ ಅದು ಒಂಬತ್ತನೇ ಒಲಿಂಪಿಕ್ ಚಿನ್ನ. ಸೋವಿಯತ್ ಜಿಮ್ನಾಸ್ಟ್ ಲಾರಿಸಾ ಲಾಟಿನಿನಾ ಅವರ ಒಂಬತ್ತು ಚಿನ್ನವನ್ನು ಅಂದಿನವರೆಗೆ ಬೇರೆ ಯಾವ ಹೆಂಗಸೂ ಮುಟ್ಟಿರಲಿಲ್ಲ. ಒಂದೇ ಸ್ಪರ್ಧೆಯಲ್ಲಿ ಸತತ ನಾಲ್ಕು ಒಲಿಂಪಿಕ್ಸ್. 15ಕ್ಕೆ ಶುರು, ಆಗ 27.

ಲಂಡನ್‌ನಲ್ಲಿ ಅವಳು ಗೆದ್ದಾಗ ನಾನು ಅತ್ತಿದ್ದೆ. ನನಗೆ ಸಿಗದ್ದು ಅವಳಿಗೆ ಸಿಕ್ಕಿತಲ್ಲ ಅನ್ನುವ ಹೊಟ್ಟೆಕಿಚ್ಚೂ ಆ ಅಳುವಿನಲ್ಲಿ ಸ್ವಲ್ಪ ಇತ್ತು. ಪ್ಯಾರಿಸ್‌ನಲ್ಲಿ ಅದು ಇರಲಿಲ್ಲ. ಇನ್ನೂ ಬಿಟ್ಟಿಲ್ಲವಲ್ಲ ಇವಳು ಅನ್ನುವ ಸಂತೋಷ ಮಾತ್ರ ಇತ್ತು. ಅದೇ ಪ್ಯಾರಿಸ್‌ನಲ್ಲಿ ಬೆಂಗಳೂರಿನ 14 ವರ್ಷದ ಧಿನಿಧಿ ದೇಸಿಂಗು 200 ಮೀಟರ್ ಫ್ರೀಸ್ಟೈಲ್ ಈಜಿದಳು, ನಮ್ಮ ಇಡೀ ತಂಡದಲ್ಲೇ ಚಿಕ್ಕವಳು. ಅವಳ ಹೀಟ್ಸ್ ಮುಗಿದ ಮೇಲೆ ನನ್ನ ಮಗಳು ಕೇಳಿದ ಪ್ರಶ್ನೆ ಒಂದೇ. ಅವಳಿಗೆ ಈಜು ಕಲಿಸಿದವರು ಯಾರು?

2025ರ ಮೇ 3ರಂದು ಕೇಟಿ ತನ್ನದೇ 800 ಮೀಟರ್ ವಿಶ್ವದಾಖಲೆ ಮುರಿದಳು. 8 ನಿಮಿಷ 4.12 ಸೆಕೆಂಡ್. ರಿಯೊದ ದಾಖಲೆಗಿಂತ 0.67 ಸೆಕೆಂಡ್ ಕಡಿಮೆ. ಕಣ್ಣು ಮಿಟುಕಿಸುವಷ್ಟು ಹೊತ್ತು. ಅದಕ್ಕೆ ಹಿಡಿದದ್ದು ಸುಮಾರು ಒಂಬತ್ತು ವರ್ಷ. ಈ ಒಂದು ಲೆಕ್ಕ ನನಗೆ ಅವಳ ಎಲ್ಲ ಪದಕಗಳಿಗಿಂತ ದೊಡ್ಡದು. 19 ವರ್ಷದ ಮೈಯಲ್ಲಿ ಮಾಡಿದ್ದನ್ನು 28ರಲ್ಲಿ ಮತ್ತೆ ಮುಟ್ಟಿ, ದಾಟಿದ್ದಾಳೆ.

ಅದೇ ವರ್ಷ ಆಗಸ್ಟ್ 2ಕ್ಕೆ ಸಿಂಗಪುರದಲ್ಲಿ ವಿಶ್ವ ಚಾಂಪಿಯನ್‌ಷಿಪ್ ಫೈನಲ್. ಈ ಸಲ ಹಬ್ಬಕ್ಕಿಂತ ಒಂದು ದಿನ ಮೊದಲು, ನಮಗೆ ಸಂಜೆ ಹೊತ್ತು. ಮಗಳು ಎಚ್ಚರ ಇದ್ದಳು. ಏಳು ವರ್ಷ ಅವಳಿಗೆ. ಬೇಸಿಗೆ ರಜೆಯಲ್ಲಿ ಮೈಸೂರಿನ ನನ್ನ ತಂಗಿ ಮನೆಯಲ್ಲಿದ್ದು ಅಲ್ಲಿನ ಕೊಳದಲ್ಲಿ ಈಜು ಕಲಿತು ಬಂದಿದ್ದಳು. ಒಂದು ಕಡೆ ಮ್ಯಾಕಿಂಟೋಷ್, ಇನ್ನೊಂದು ಕಡೆ ಆಸ್ಟ್ರೇಲಿಯಾದ ಲಾನಿ ಪಾಲಿಸ್ಟರ್. ಮೂವರೂ ಒಂದೇ ಗೆರೆಯಲ್ಲಿ. ಮಗಳು ಬೆರಳು ಮಡಚಿ ಸುತ್ತು ಎಣಿಸುತ್ತಿದ್ದಳು. ಹತ್ತು ಬೆರಳು ಮುಗಿದಾಗ ನನ್ನ ಕೈ ಎಳೆದುಕೊಂಡು ಮುಂದುವರಿಸಿದಳು. ನನ್ನ ಆರನೇ ಬೆರಳಿಗೆ ಕೇಟಿ ಗೋಡೆ ಮುಟ್ಟಿದಳು. 8 ನಿಮಿಷ 5.62 ಸೆಕೆಂಡ್. ಪಾಲಿಸ್ಟರ್ 0.36 ಸೆಕೆಂಡ್ ಹಿಂದೆ. 800ರಲ್ಲಿ ಅವಳಿಗೆ ಇದು ಏಳನೇ ವಿಶ್ವ ಕಿರೀಟ.

ಮರುದಿನ ಬೆಳಿಗ್ಗೆ ಮಳೆ ಸ್ವಲ್ಪ ಬಿಟ್ಟಿತ್ತು. ಮಗಳೂ ನಾನೂ ಮದ್ದುಸೊಪ್ಪು ಕೊಯ್ಯಲು ಬೇಲಿ ಬದಿಗೆ ಹೋದೆವು. ದಾರಿಯಲ್ಲಿ ಕೆರೆ ತುಂಬಿ ನಿಂತಿತ್ತು, ಕೆಂಪು ನೀರು. ಅವಳು ದಡದಲ್ಲಿ ನಿಂತು ಆ ಕಡೆಯ ದಡ ನೋಡಿದಳು. ಈ ಕೆರೆಯಲ್ಲಿ ನೀನು ಎಷ್ಟು ಸಲ ಹೋಗಿ ಬರುತ್ತಿದ್ದೆ ಅಂತ ಕೇಳಿದಳು. ಹನ್ನೊಂದು ಅಂದೆ. ಮಳೆ ಕಡಿಮೆಯಾಗಲಿ, ಡಿಸೆಂಬರಲ್ಲಿ ಇಳಿಯೋಣ ಅಂದೆ. ಬಾಳೆದಿಂಡು ಬೇಡ ಅಂದಳು. ಸೊಪ್ಪಿನ ಕಟ್ಟು ತಲೆ ಮೇಲೆ ಇಟ್ಟುಕೊಂಡು, ಕೈ ಬಿಟ್ಟು, ಬೀಳಿಸದೆ ಮನೆಯವರೆಗೂ ನಡೆದಳು.